ಅಕ್ಕು ಅಜ್ಜಿಯ ಅಂಗಳಕ್ಕೆ ಬಂದ ಮೀನು

ಎರ್ಮಾಳ್
16 ನವೆಂಬರ್ 2025, ಆದಿತ್ಯವಾರ

ಪ್ರಿಯ ಅಲೋಶಿ,

ಹಾಗಲ್ಲ ಮಾರಾಯ, ಅವರನ್ನು ಯಾರೂ ಹೊಡೆದು ಬಡಿದು ಓಡಿಸಲಿಲ್ಲ. ನಿನ್ನೆ ಫೋನಿನಲ್ಲಿ ನೀನು ಅದನ್ನೇ ಹಿಡಿದುಕೊಂಡೆ. ನಾನು ವಿಷಯ ಬಿಡಿಸಿ ಹೇಳುವ ಅಂದರೆ ನಿನ್ನ ಕಿವಿಗೆ ಕೇಳುವುದಿಲ್ಲ, ನಿನ್ನ ಮಗಳು ಡೈನಾ ಫೋನನ್ನು ಸ್ಪೀಕರಿಗೆ ಹಾಕುತ್ತಾಳೆ, ಆಚೆಯಿಂದ ನಿಮ್ಮ ಕುಕ್ಕರು ಸೀಟಿ ಹೊಡೆಯುತ್ತದೆ, ಈಚೆಯಿಂದ ನನ್ನ ಮಗಳು ಶರ್ಮಿಳಾ ಬಾಗಿಲ ಹತ್ತಿರ ಬಂದು ಸುಮ್ಮನೆ ನಿಲ್ಲುತ್ತಾಳೆ. ಅಂಥಾದ್ದರಲ್ಲಿ ಎಂತ ಹೇಳುವುದು? ಅದಕ್ಕೇ ಬರೆಯಲು ಕೂತೆ. ಮೂವತ್ತಾರು ವರ್ಷ ಅಂಚೆ ಇಲಾಖೆಯ ಅನ್ನ ತಿಂದವನು, ನಿನಗೊಂದು ಪತ್ರ ಹಾಕದೆ ಎರಡು ವರ್ಷವಾಯಿತು. ನನ್ನ ಹೆಂಡತಿ ವಾರಿಜ ತೀರಿಹೋದಾಗ ನೀನು ನಾಲ್ಕು ಪುಟ ಬರೆದಿದ್ದೆ. ಅದಕ್ಕೂ ಉತ್ತರ ಬರೆಯಲಿಲ್ಲ. ಬೇಸರ ಮಾಡಬೇಡ. ಬರೆಯಲು ಕೂತರೆ ‘ನಾವು ಕ್ಷೇಮ’ ಎಂದು ಸುರು ಮಾಡಬೇಕು. ಆ ‘ನಾವು’ ಬರೆಯಲಿಕ್ಕೆ ಕೈ ಬರುತ್ತಿರಲಿಲ್ಲ.

ನಿನ್ನ ಮೊಣಗಂಟು ಹೇಗುಂಟು? ಮಣಿಪಾಲದ ಡಾಕ್ಟರು ಆಪರೇಶನ್ ಅಂದರೆ ಕೂಡಲೇ ಬೇಡ ಅನ್ನಬೇಡ. ನಮ್ಮ ಪಕ್ಕದ ಮನೆಯವರು ಮಾಡಿಸಿಕೊಂಡು ಈಗ ಕಡಲಿನವರೆಗೆ ನಡೆದು ಬರುತ್ತಾರೆ. ನನಗೆ ಬಿಪಿ ಬಿಟ್ಟರೆ ಬೇರೇನಿಲ್ಲ. ಆಲ್ ಈಸ್ ವೆಲ್ ಎಂದು ಬರೆಯಬಹುದಿತ್ತು. ಬರೆಯುವುದಿಲ್ಲ.

ಮೊದಲು ಮುಖ್ಯ ವಿಷಯ. ಮಿನ್‌ಲುನ್, ಅವನ ಹೆಂಡತಿ ನೆಂಗ್, ಅವನ ತಾಯಿ, ಮೂವರೂ ನಾಳೆ ಬೆಳಿಗ್ಗೆ ಪಡುಬಿದ್ರಿಯಲ್ಲಿ ಕಾರ್ಕಳದ ಬಸ್ಸು ಹತ್ತುತ್ತಾರೆ. ಒಂಬತ್ತೂವರೆಗೆಲ್ಲ ನಿಮ್ಮ ಕುಕ್ಕುಂದೂರು ಮುಟ್ಟಬಹುದು, ನೀನು ಇದನ್ನು ಓದುವಾಗ ಮುಟ್ಟಿಯೇ ಇರುತ್ತಾರೆ. ನೀನು ಹೇಳಿದ ಆ ಎರಡು ಕೋಣೆಯ ಮನೆಗೆ ಹೆಂಚು ಸರಿ ಮಾಡಿಸಿದ್ದಾರಾ? ನೆಂಗ್‌ಗೆ ಗೇರುಬೀಜದ ಕಾರ್ಖಾನೆಯಲ್ಲಿ ಕೆಲಸ ಅಂತ ಡೈನಾ ಹೇಳಿದ್ದು ಗಟ್ಟಿಯಾ? ಗಟ್ಟಿ ಇಲ್ಲದಿದ್ದರೂ ಅವರ ಎದುರು ಗಟ್ಟಿ ಅಂತಲೇ ಹೇಳು. ಎಷ್ಟನೇ ಸಲವೋ, ಪುನಃ ಗಂಟು ಕಟ್ಟುತ್ತಿದ್ದಾರೆ.

ಜನವರಿಯಲ್ಲಿ ನೀನು ಫೋನು ಮಾಡಿದ್ದು ನೆನಪುಂಟಲ್ಲ? ಮಣಿಪುರದಲ್ಲಿ ಗಲಾಟೆಯಾಗಿ ಮನೆ ಸುಟ್ಟುಹೋಗಿದೆ, ಒಂದೂವರೆ ವರ್ಷ ಶಿಬಿರದಲ್ಲಿದ್ದರು, ನೆಂಗ್‌ನ ತಂಗಿ ಮಣಿಪಾಲದ ಹಾಸ್ಟೆಲಿನಲ್ಲಿ ಕ್ಲೀನಿಂಗ್ ಕೆಲಸಕ್ಕಿದ್ದಾಳೆ ಅಂತ ಇಲ್ಲಿಗೆ ಬಂದರು, ಒಂದು ಕೋಣೆಯಲ್ಲಿ ಇಷ್ಟು ಜನ ಇರಬಾರದು ಅಂತ ಅವಳ ಬಾಡಿಗೆ ಮನೆಯ ಯಜಮಾನರು ಹೇಳಿದರು, ಸಂತೆಕಟ್ಟೆಯ ಒಂದು ಹೋಟೆಲಿನಲ್ಲಿ ಒಂದು ತಿಂಗಳು ಪಾತ್ರೆ ತೊಳೆದರು, ಅದೂ ಬಾಗಿಲು ಹಾಕಿತು. ಇಷ್ಟನ್ನು ಒಂದೇ ಉಸಿರಿನಲ್ಲಿ ಹೇಳಿ ನೀನು ಕೇಳಿದ್ದು ಒಂದೇ ಮಾತು: “ಹೂವಪ್ಪ, ನಿನ್ನ ಬಲೆ ಇಡುವ ಕೋಣೆ ಖಾಲಿ ಉಂಟಲ್ಲ?” ಉಂಟು ಅಂದುಬಿಟ್ಟೆ. ಕಾಲೇಜಿನಲ್ಲೂ ಹಾಗೆಯೇ. ನೀನು ಕೇಳುವುದು, ನಾನು ಉಂಟು ಅನ್ನುವುದು, ಆಮೇಲೆ ಯೋಚನೆ ಮಾಡುವುದು.

ಬರುವ ದಿನ ಬೆಳಿಗ್ಗೆಯೇ ನಾನು ಇಂಗ್ಲಿಷಿನಲ್ಲಿ ಒಂದು ವಾಕ್ಯ ತಯಾರು ಮಾಡಿ ಇಟ್ಟುಕೊಂಡಿದ್ದೆ. “ಐ ಯಾಮ್ ರಿಟೈರ್ಡ್ ಪೋಸ್ಟ್‌ಮಾಸ್ಟರ್ ಆಂಡ್ ವಿಡೋವರ್. ಪ್ಲೀಸ್ ಫೀಲ್...” ಮುಂದಿನದ್ದು ಮರೆತುಹೋಯಿತು. ಅಷ್ಟಕ್ಕೇ ನಿಲ್ಲಿಸಿ ಕೋಣೆಯ ಕಡೆ ಕೈ ತೋರಿಸಿದೆ. ನೆಂಗ್ ಅಲ್ಲಿ ಚಿಕ್ಕ ಮಕ್ಕಳ ಶಾಲೆಯಲ್ಲಿ ಟೀಚರ್ ಆಗಿದ್ದವಳು. ಅವಳು ತಲೆ ಬಗ್ಗಿಸಿ, “ಥ್ಯಾಂಕ್ಯೂ ಅಂಕಲ್, ವಿ ವಿಲ್ ಫೀಲ್” ಅಂದಳು. ನಕ್ಕಳೋ ಇಲ್ಲವೋ ಗೊತ್ತಾಗಲಿಲ್ಲ. ಗಂಡ ನಕ್ಕ. ವಾರಿಜ ಹೋದ ಮೇಲೆ ನನ್ನ ಅಂಗಳದಲ್ಲಿ ಯಾರೋ ನಕ್ಕದ್ದು ಅದೇ ಮೊದಲು.

ಊರಿನಲ್ಲಿ ಸುರುವಿಗೆ ಬಂದ ಪ್ರಶ್ನೆ ನಿನಗೆ ಗೊತ್ತೇ ಉಂಟು. ಎಲ್ಲಿಯವರು, ಕಣ್ಣು ಹಾಗೇಕೆ, ನೇಪಾಳವಾ, ಬೇರೆ ಕಡೆಯವರಾ. ನಾನು ಮೂವರ ಆಧಾರ್ ಕಾರ್ಡನ್ನೂ ಭಜನಾ ಮಂದಿರದ ಜಗಲಿಯಲ್ಲಿ ರಿಜಿಸ್ಟರ್ ಪತ್ರ ಓದಿದ ಹಾಗೆ ಗಟ್ಟಿಯಾಗಿ ಓದಿದೆ. ಭಾರತ ಸರ್ಕಾರ ಅಂತ ಮೇಲೆ ಅಚ್ಚು ಹಾಕಿದ್ದನ್ನೂ ಬಿಡಲಿಲ್ಲ. ಅವರಿಗೆ ಅಲ್ಲಿ ಯಾರ ಜೊತೆ ಜಗಳ, ಯಾರದ್ದು ಸರಿ ಅಂತ ನಾನು ಕೇಳಲಿಲ್ಲ. ಮನೆ ಕಳಕೊಂಡವರ ಹತ್ತಿರ ಅದನ್ನು ಕೇಳಿ ಎಂತ ಮಾಡುವುದು?

ಮಿನ್‌ಲುನ್‌ನನ್ನು ಕೈರಂಪಣಿಗೆ ಸೇರಿಸಿದ್ದೂ ನಾನೇ. ನೀನು ಘಟ್ಟದ ಬುಡದವನು, ನಿನಗೆ ಬಟ್ಟಲಿಗೆ ಬಿದ್ದ ಮೀನು ಮಾತ್ರ ಗೊತ್ತು, ಅದಕ್ಕೆ ಹೇಳುತ್ತೇನೆ. ದೋಣಿಯಲ್ಲಿ ಬಲೆ ಕೊಂಡುಹೋಗಿ ಕಡಲಿನಲ್ಲಿ ಅರ್ಧ ಸುತ್ತು ಬಿಟ್ಟು ಬರುತ್ತಾರೆ. ಅದರ ಎರಡು ಹಗ್ಗದ ತುದಿ ದಡದಲ್ಲಿರುತ್ತದೆ. ಒಂದೊಂದು ಹಗ್ಗಕ್ಕೆ ಹದಿನಾರು ಜನ. ಎರಡು ಗಂಟೆ ಹೊತ್ತು ಹಿಂದೆ ಹಿಂದೆ ನಡೆಯುತ್ತಾ ಎಳೆಯಬೇಕು. ಬಂದ ಮೀನಿನಲ್ಲಿ ಹಗ್ಗ ಹಿಡಿದ ಪ್ರತಿಯೊಬ್ಬನಿಗೂ ಪಾಲು. ಆದರೆ ಹೊಸಬನು ಹಗ್ಗಕ್ಕೆ ಕೈ ಹಾಕಬೇಕಾದರೆ ಊರಿನವನೊಬ್ಬ ಅವನ ಪರವಾಗಿ ಗುರಿಕಾರರ ಮುಂದೆ ನಿಲ್ಲಬೇಕು. ಗುರಿಕಾರರು ಅಂದರೆ ನಮ್ಮ ಊರಿನ ಹಿರಿಯ, ನಾಲ್ಕು ಜನ ಸೇರಿದಲ್ಲಿ ಅವರದ್ದೇ ಕಡೆಯ ಮಾತು. ಹಾಗೆ ನಿಂತ ಮೇಲೆ ಹೊಸಬ ತಪ್ಪಿದರೆ ಅದು ನಿಂತವನ ತಪ್ಪು. ನಿಂತವನು ದೇವರಿಗೆ ಒಂದು ತೆಂಗಿನಕಾಯಿ ಇಟ್ಟು, ಹತ್ತು ಜನರ ಎದುರು ಕೈ ಮುಗಿದರೆ ಅಲ್ಲಿಗೆ ಮುಗಿಯಿತು. ಮತ್ತೆ ಯಾರೂ ಆ ಮಾತು ಎತ್ತಬಾರದು. ಅಜ್ಜಂದಿರ ಕಾಲದಿಂದ ಹಾಗೆಯೇ.

ನಾನು ನಿಂತೆ. ಆಗ ಯಾರೂ ಬೇಡ ಅನ್ನಲಿಲ್ಲ, ಹಗ್ಗಕ್ಕೆ ಜನವೇ ಇರಲಿಲ್ಲ. ಮಿನ್‌ಲುನ್ ಹುಟ್ಟಿದ ಮೇಲೆ ಕಡಲು ನೋಡಿದವನಲ್ಲ. ಮೊದಲ ದಿನ ಅಲೆ ಕಾಲಿಗೆ ತಾಗಿದ್ದಕ್ಕೆ ಹಗ್ಗ ಬಿಟ್ಟು ಹಾರಿದ. ಎಲ್ಲರೂ ಕೂಗಿ ನಕ್ಕರು. ಎರಡು ತಿಂಗಳಲ್ಲಿ ಅವನನ್ನು ಹಗ್ಗದ ಮುಂದಿನ ತುದಿಗೆ, ಸೊಂಟದ ನೀರಿಗೆ, ನಿಲ್ಲಿಸುತ್ತಿದ್ದರು. ಗುಡ್ಡ ಹತ್ತಿದ ಕಾಲು, ಜಾರುವುದಿಲ್ಲ ಅಂತ ಗುರಿಕಾರರೇ ಹೇಳಿದ್ದರು.

ಮಳೆಗಾಲ ಕಳೆದ ಮೇಲೆ ಎಲ್ಲವೂ ಬೇರೆಯಾಯಿತು. ದೊಡ್ಡ ಬೋಟಿನವರು ಲೈಟು ಹಾಕಿ ದೂರದಲ್ಲೇ ಬಳಿದುಕೊಂಡು ಹೋಗುತ್ತಾರೆ, ದಡಕ್ಕೆ ಮೀನು ಎಲ್ಲಿಂದ ಬರಬೇಕು? ಆ ಬೋಟಿನವರಿಗಾದರೂ ಸುಖವಾ, ಇಲ್ಲ. ಡೀಸೆಲಿನ ಖರ್ಚೂ ಹುಟ್ಟುವುದಿಲ್ಲ ಅಂತ ಬೋಟು ಕಟ್ಟಿ ಹಾಕಿದ್ದಾರೆ. ಮಲ್ಪೆಯಲ್ಲಿ ಕೆಲಸಕ್ಕಿದ್ದ ಹುಡುಗರು ಊರಿಗೆ ಬಂದರು, ಗಲ್ಫಿನಿಂದ ಇಬ್ಬರು ಬಂದರು, ಎಲ್ಲರೂ ಬೆಳಿಗ್ಗೆ ದಡದಲ್ಲಿ ಬಂದು ಸಾಲಾಗಿ ನಿಲ್ಲುವುದು. ಅದರಲ್ಲಿ ನನ್ನ ಅಳಿಯ ರೂಪೇಶನೂ ಒಬ್ಬ. ಹನ್ನೊಂದು ವರ್ಷ ಒಂದೇ ಬೋಟಿನಲ್ಲಿದ್ದವನು ಸೆಪ್ಟೆಂಬರಿನಿಂದ ನಮ್ಮ ಜಗಲಿಯಲ್ಲಿದ್ದಾನೆ. ಬೈಗುಳವಿಲ್ಲ, ಕುಡಿತವಿಲ್ಲ. ಕಾಲುಬೆರಳಿನ ಉಗುರು ನೋಡುತ್ತಾ ಕೂರುತ್ತಾನೆ. ಅದು ಇನ್ನೂ ಕಷ್ಟ. ಗುರಿಕಾರರನ್ನು ಕೇಳಿದರೆ, ಮೂವತ್ತೆರಡು ಕೈ ಭರ್ತಿ, ಒಬ್ಬ ಬಿಟ್ಟರೆ ಇನ್ನೊಬ್ಬ ಅಂದರು. ಅದೂ ನ್ಯಾಯವೇ. ಇದ್ದ ಮೀನನ್ನು ನಲವತ್ತು ಪಾಲು ಮಾಡಿದರೆ ಯಾರ ಮನೆಯ ಮಣ್ಣಿನ ಪಾತ್ರೆಗೂ ಸಾಕಾಗುವುದಿಲ್ಲ.

ಒಂದು ದಿನ ಗಂಜಿ ಬಡಿಸುತ್ತಾ ಶರ್ಮಿಳಾ ಹೇಳಿದಳು, “ಪಪ್ಪ, ಊರಿಗೆ ಉಪಕಾರ ಮಾಡುವುದು ಒಳ್ಳೆಯದೇ. ಮನೆಗೆ ಯಾವಾಗ ಸುರು?” ನಾನು ಉಪ್ಪಿನಕಾಯಿ ಕೇಳಿದೆ.

ಈಗ ಅಕ್ಕು ಅಜ್ಜಿಯ ವಿಷಯ. ಗುರಿಕಾರರ ತಾಯಿ. ತೊಂಬತ್ತು ದಾಟಿತ್ತು. ನೆಂಗ್‌ಗೆ ಮೀನು ಒಣಗಿಸಲು ಕಲಿಸಿದ್ದು ಅವರೇ. ಆಮೇಲೆ ಮಧ್ಯಾಹ್ನವಾದರೆ ಇವಳು ಹೋಗಿ ಅಜ್ಜಿಯ ಕಾಲಿಗೆ ಎಣ್ಣೆ ಹಾಕಿ ತಿಕ್ಕುವುದು. ಅಜ್ಜಿ ತುಳುವಿನಲ್ಲಿ, ಇವಳು ಇವಳ ಭಾಷೆಯಲ್ಲಿ, ಗಂಟೆಗಟ್ಟಲೆ ಮಾತು. ಒಬ್ಬರದ್ದು ಒಬ್ಬರಿಗೆ ಒಂದಕ್ಷರ ಗೊತ್ತಾಗುವುದಿಲ್ಲ. ನಾನು ಒಮ್ಮೆ ತಮಾಷೆ ಮಾಡಿದ್ದಕ್ಕೆ ಅಜ್ಜಿ ಹೇಳಿದರು, “ನನ್ನ ಸೊಸೆಯಂದಿರ ಮಾತು ಪೂರಾ ಗೊತ್ತಾಗುತ್ತದೆ ಹೂವಪ್ಪ. ಅದಕ್ಕಿಂತ ಇದೇ ಲಾಯಕ್.”

ಅಕ್ಟೋಬರ್ ಇಪ್ಪತ್ತೇಳಕ್ಕೆ ಬೆಳಗಿನ ಜಾವ ಅಜ್ಜಿ ಹೋದರು. ನಮ್ಮಲ್ಲಿ ಸಾವಾದ ದಿನ ಯಾವ ಬಲೆಯೂ ನೀರಿಗೆ ಇಳಿಯುವುದಿಲ್ಲ. ಸಾವಿನ ಮನೆಗಂತೂ ಹದಿಮೂರನೆಯ ದಿನದ ಉತ್ತರಕ್ರಿಯೆ, ನಮ್ಮ ಬೊಜ್ಜ, ಮುಗಿಯುವವರೆಗೆ ಮೀನಿನ ವಾಸನೆಯೂ ಹೋಗಬಾರದು. ಇದನ್ನು ನಮಗೆ ಯಾರೂ ಹೇಳಿಕೊಟ್ಟದ್ದಲ್ಲ, ತೊಟ್ಟಿಲಲ್ಲೇ ಗೊತ್ತಿರುತ್ತದೆ. ಹೇಳಬೇಕು ಅಂತ ತೋಚುವುದೇ ಇಲ್ಲ. ಇವರು ಬಂದ ಮೇಲೆ ಊರಿನಲ್ಲಿ ಅದೇ ಮೊದಲ ಸಾವು.

ಅವರ ಗುಡ್ಡದಲ್ಲಿ ಹಾಗಲ್ಲವಂತೆ. ಸಾವಿನ ಮನೆಗೆ ಪ್ರತಿ ಮನೆಯಿಂದ ಅಕ್ಕಿ, ಮಾಂಸ ಹೋಗಬೇಕು. ಅತ್ತು ಅತ್ತು ಸೋತವರಿಗೆ ಊರವರು ಉಣಿಸಬೇಕು. ಬರಿಗೈಯಲ್ಲಿ ಹೋದರೆ, ಸತ್ತದ್ದು ನಿನಗೆ ಸಂತೋಷವಾ ಅಂತ ಕೇಳುತ್ತಾರಂತೆ. ಇದನ್ನೆಲ್ಲ ನೆಂಗ್ ನನಗೆ ಆಮೇಲೆ ಹೇಳಿದ್ದು, ಅಳುತ್ತಾ ಹೇಳಿದ್ದು.

ಅಜ್ಜಿಗೆ ಕಾಣೆ ಮೀನು ಅಂದರೆ ಪ್ರಾಣ ಅಂತ ಅವಳಿಗೆ ಗೊತ್ತಿತ್ತು. ಮಿನ್‌ಲುನ್ ನನ್ನ ಬೀಸುಬಲೆ ತೆಗೆದುಕೊಂಡು ಹೋಗಿ, ಖಾಲಿ ದಡದಲ್ಲಿ ಒಬ್ಬನೇ ನಿಂತು ಬಲೆ ಬೀಸಿ ಎಂಟು ಕಾಣೆ ತಂದ. ದಡ ಯಾಕೆ ಖಾಲಿ ಅಂತ ಅವನಿಗೆ ಅನ್ನಿಸಿತಂತೆ. ಎಲ್ಲರೂ ಅಜ್ಜಿಯ ಮನೆಯಲ್ಲಿದ್ದಾರೆ, ತಾನೊಬ್ಬನೇ ತಡ ಅಂದುಕೊಂಡನಂತೆ. ಮೂವರೂ ಒಳ್ಳೆಯ ಬಟ್ಟೆ ಹಾಕಿದರು. ತಾಯಿ ಶಿಬಿರದಿಂದ ಉಳಿಸಿ ತಂದ ಕಪ್ಪು ಕೆಂಪು ಶಾಲು ಹೊದೆದರು. ಬುಟ್ಟಿಯಲ್ಲಿ ಬಾಳೆಲೆ ಹಾಸಿ, ಮೀನು ತೊಳೆದು ಸಾಲಾಗಿ ಇಟ್ಟು, ಮೆರವಣಿಗೆಯ ಹಾಗೆ ನಡೆದು ಹೋಗಿ, ಅಂಗಳದಲ್ಲಿ ಮಲಗಿಸಿದ್ದ ಅಜ್ಜಿಯ ಕಾಲ ಹತ್ತಿರ ಇಟ್ಟು ಮೊಣಕಾಲೂರಿದರು.

ಅಳುತ್ತಿದ್ದ ಹೆಂಗಸರು ಅಳು ನಿಲ್ಲಿಸಿದರಂತೆ. ಯಾರೋ ಬುಟ್ಟಿಯನ್ನು ಬೇಲಿಯಾಚೆ ಎಸೆದರು. ಗುರಿಕಾರರು ಮುಖ ತಿರುಗಿಸಿದರು. ನಾನು ಆಗ ಇರಲಿಲ್ಲ. ಬಿಪಿಯ ಮಾತ್ರೆ ಮುಗಿದಿತ್ತು ಅಂತ ಕಾಪುವಿಗೆ ಹೋಗಿದ್ದೆ. ಬರುವಾಗ ಎಲ್ಲ ಮುಗಿದಿತ್ತು.

ಅದನ್ನೂ ಮರೆಯುತ್ತಿದ್ದರೋ ಏನೋ, ಮೀನು ಬಂದಿದ್ದರೆ. ಬರಲಿಲ್ಲ. ಮೂರನೆಯ ದಿನದಿಂದ ಬಲೆ ಹಾಕಿದರು. ಒಂದು ವಾರ, ಹತ್ತು ದಿನ, ಎರಡು ವಾರ. ಎಳೆದು ಎಳೆದು ಕೈ ಸಿಪ್ಪೆ ಹೋಯಿತು, ಬಂದದ್ದು ಲೋಳೆಮೀನು, ಪ್ಲಾಸ್ಟಿಕ್. ಸೆಪ್ಟೆಂಬರಿನಲ್ಲೂ ಹೀಗೇ ಇತ್ತು ಅಂತ ಯಾರಿಗೂ ನೆನಪಾಗಲಿಲ್ಲ. ಕಾರಣ ಕಣ್ಣೆದುರೇ ಉಂಟಲ್ಲ, ಬಲೆಕೋಣೆಯಲ್ಲಿ ಮೂರು ಜನ. ನೆಂಗ್ ಬಾವಿಗೆ ಬಂದರೆ ಉಳಿದವರು ಕೊಡ ಎತ್ತಿಕೊಂಡು ಹೋಗತೊಡಗಿದರು. ಬೈದಿದ್ದರೆ ಆಗುತ್ತಿತ್ತು ಅಂಕಲ್ ಅಂತ ಅವಳೇ ಹೇಳಿದಳು. ದೆ ಆರ್ ಸೋ ಪೊಲೈಟ್ ಅಂದಳು.

ಮೊನ್ನೆ ಶುಕ್ರವಾರ ಸಭೆ. ಹಳೆಯದೆಲ್ಲ ಬಂತು, ಹಸಿವೂ ಬಂತು, ಕಡೆಗೆ ಗುರಿಕಾರರು ನನ್ನ ಕಡೆ ತಿರುಗಿದರು. ತಾಯಿಯನ್ನು ಕಳಕೊಂಡ ಮನುಷ್ಯ, ಗಡ್ಡ ಬೆಳೆದಿತ್ತು, ಸ್ವರ ಎತ್ತಲಿಲ್ಲ.

“ಹೂವಪ್ಪಣ್ಣ, ಅವನಿಗಾಗಿ ನಿಂತವರು ನೀವು. ಅವರು ಮೀನು ಹಿಡಿದುಕೊಂಡು ಹೋಗುವುದು ನಿಮಗೆ ಗೊತ್ತಿತ್ತಾ?”

“ಇಲ್ಲ. ನಾನು ಕಾಪುವಿನಲ್ಲಿದ್ದೆ” ಅಂದೆ.

“ನೆನಪು ಮಾಡಿ ಹೇಳಿ. ಅವಸರ ಇಲ್ಲ.”

“ಇಲ್ಲ” ಅಂದೆ.

ಅವರು ಎರಡು ಸಲ ಯಾಕೆ ಕೇಳಿದರು ಅಂತ ನಿನಗೆ ಅರ್ಥವಾಗುತ್ತದಲ್ಲ? ಗೊತ್ತಿತ್ತು ಅಂದಿದ್ದರೆ ತಪ್ಪು ನನ್ನ ತಲೆಗೆ. ಒಂದು ಕಾಯಿ, ಒಂದು ಕೈಮುಗಿತ, ಮುಗಿಯಿತು, ಅವನು ಮರುದಿನ ಹಗ್ಗಕ್ಕೆ ಕೈ ಹಾಕಬಹುದಿತ್ತು. ನಿಂತವನಿಗೇ ಹೇಳದೆ ಮಾಡಿದ ಅಂತಾದರೆ ಅದು ಅವನೊಬ್ಬನ ತಪ್ಪು. ಊರಿನವನಲ್ಲದವನು ತನ್ನ ತಪ್ಪನ್ನು ಊರಿನ ದೇವರ ಮುಂದೆ ಹೇಗೆ ತೀರಿಸುತ್ತಾನೆ? ಅದಕ್ಕೆ ನಮ್ಮಲ್ಲಿ ದಾರಿಯೇ ಇಲ್ಲ. ಹಗ್ಗ ಬಿಡಬೇಕು, ಅಷ್ಟೇ. ಆದರೆ ನಾನು ಇಲ್ಲದ್ದನ್ನು ಉಂಟು ಅಂತ ಹೇಗೆ ಹೇಳುವುದು ಅಲೋಶಿ?

ಮಿನ್‌ಲುನ್ ಕಂಬದ ಹತ್ತಿರ ನಿಂತಿದ್ದ. ಹತ್ತು ತಿಂಗಳಲ್ಲಿ ತುಳು ಅವನಿಗೆ ಬೇಕಾದಷ್ಟು ಬರುತ್ತದೆ. ಒಂದು ಮಾತೂ ಆಡಲಿಲ್ಲ. ಮನೆ ಬಿಡಿ ಅಂತ ಯಾರೂ ಹೇಳಲಿಲ್ಲ, ಹೇಳುವ ಅಗತ್ಯವೂ ಬೀಳಲಿಲ್ಲ. ಹಗ್ಗ ಇಲ್ಲದೆ ಇಲ್ಲಿ ತಿನ್ನುವುದು ಎಂತ? ನಿನ್ನೆ ಬೆಳಿಗ್ಗೆ ಅವನ ಜಾಗದಲ್ಲಿ ರೂಪೇಶ ನಿಂತ. ಶರ್ಮಿಳಾ ನನಗೆ ಒಂದು ದೋಸೆ ಹೆಚ್ಚು ಹಾಕಿದಳು.

ಇನ್ನು ನೀನು ಮಾಡಬೇಕಾದದ್ದು. ಅವನ ತಾಯಿಗೆ ಚಳಿಯಾದರೆ ತೊಂದರೆ ಇಲ್ಲ, ಸೆಕೆಯನ್ನೇ ತಡೆಯಲಿಕ್ಕಾಗುವುದಿಲ್ಲ, ಫ್ಯಾನ್ ಇರುವ ಕೋಣೆ ಅವರಿಗೆ ಕೊಡು. ನೆಂಗ್‌ಗೆ ಮಕ್ಕಳಿಗೆ ಪಾಠ ಹೇಳುವುದು ಚೆನ್ನಾಗಿ ಬರುತ್ತದೆ, ಡೈನಾ ಎಲ್ಲಾದರೂ ನೋಡಲಿ, ಗೇರುಬೀಜದ ಎಣ್ಣೆಗೆ ಆ ಕೈ ಹಾಳಾಗುವುದು ಬೇಡ. ನಿಮ್ಮ ಇಗರ್ಜಿಗೂ ಅವರದ್ದಕ್ಕೂ ಪ್ರಾರ್ಥನೆಯಲ್ಲಿ ವ್ಯತ್ಯಾಸ ಉಂಟಂತೆ. ಆದರೂ ಮೊದಲ ಆದಿತ್ಯವಾರ ನೀವು ಕರೆದುಕೊಂಡು ಹೋಗಿ ನಿಮ್ಮ ಬೆಂಚಿನಲ್ಲೇ ಕೂರಿಸಿ. ಮತ್ತೆ, ನಿಮ್ಮ ಕಡೆ ಯಾರಾದರೂ ತೀರಿಕೊಂಡರೆ, ಕೂಡಲೇ ಅವರ ಮನೆಗೆ ಹೋಗಿ ಎಂತ ಮಾಡಬೇಕು, ಎಂತ ಮಾಡಬಾರದು ಅಂತ ಬಾಯಿ ಬಿಟ್ಟು ಹೇಳು. ಮೊಣಗಂಟು ನೋವಿದ್ದರೂ ಹೋಗು.

ನಿನ್ನ ಹೆಂಡತಿ ಮೇಬಲ್ ಬಾಯಿಯವರಿಗೆ ನಮಸ್ಕಾರ ತಿಳಿಸು. ಡೈನಾಳಿಗೆ ನನ್ನ ಆಶೀರ್ವಾದ, ಆ ಹುಡುಗಿಗೆ ದೇವರು ಒಳ್ಳೆಯದು ಮಾಡಲಿ. ನಿಮ್ಮ ಮನೆಯ ಬಾಗಿಲಿಗೆ ಬಂದವರು ನಿಮ್ಮಿಂದ ತಣ್ಣಗಿರಲಿ.

ಇತಿ ನಿನ್ನ,
ಹೂವಪ್ಪ

ಮತ್ತೊಂದು ಮಾತು.

ಸಹಿ ಹಾಕಿ, ಮಡಚಿ, ಪುನಃ ಬಿಡಿಸಿದ್ದೇನೆ. ಕಾಪುವಿಗೆ ಹೋದದ್ದು ಹಿಂದಿನ ದಿನ. ಅಜ್ಜಿ ಹೋದ ದಿನ ನಾನು ಜಗಲಿಯಲ್ಲಿ ಪೇಪರ್ ಹಿಡಿದು ಕೂತಿದ್ದೆ. ಸಾವಿನ ಮನೆಗೆ ಹೊರಡುವ ಮೊದಲು ಸ್ವಲ್ಪ ಕೂತದ್ದು. ಅವರು ಮೂವರೂ ನನ್ನ ಗೇಟಿನ ಎದುರಿನಿಂದಲೇ ಹೋದರು. ಗೇಟಿಗೂ ನನಗೂ ಹತ್ತು ಹೆಜ್ಜೆ. ಬುಟ್ಟಿಗೆ ಮುಚ್ಚಳ ಇರಲಿಲ್ಲ, ಬಾಳೆಲೆಯಿಂದ ಮೀನಿನ ಬಾಲ ಹೊರಗೆ ಕಾಣುತ್ತಿತ್ತು. ಮಿನ್‌ಲುನ್ ಕೈ ಎತ್ತಿ, “ಅಂಕಲ್, ಕಮಿಂಗ್?” ಅಂತ ಕೇಳಿದ.

“ಯೂ ಗೋ. ಐ ವಿಲ್ ಕಮ್” ಅಂದೆ.

ಕಂಡಿತು ಅಲೋಶಿ. ಎಲ್ಲಿಗೆ ಹೋಗುತ್ತದೆ ಅಂತಲೂ ಗೊತ್ತಾಯಿತು. ಪಕ್ಕದಲ್ಲಿ ರೂಪೇಶ ಉಗುರು ನೋಡುತ್ತಾ ಕೂತಿದ್ದ, ಅವನು ತಲೆ ಎತ್ತಲಿಲ್ಲ. ನಾನು ಪೇಪರಿನ ಹಾಳೆ ತಿರುಗಿಸಿದೆ. ಯೋಚನೆ ಮಾಡಿ ಮಾಡಿದ್ದಲ್ಲ ಅಂತ ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ಆಮೇಲೆ ಸಭೆಯಲ್ಲಿ ಎರಡು ಸಲ ಹೇಳಿದ್ದು ಯೋಚನೆ ಮಾಡಿಯೇ. ಮಿನ್‌ಲುನ್ ಆಗ ನನ್ನ ಮುಖ ನೋಡಿದ. ‘ಅಂಕಲ್ ಇದ್ದರು’ ಅಂತ ಎರಡು ಶಬ್ದ ಸಾಕಿತ್ತು ಅವನಿಗೆ. ನೆಲ ನೋಡಿದ. ಹಿರಿಯರ ಮಾನ ಹೋಗಬಾರದು ಅಂತ ನಮ್ಮ ಮಕ್ಕಳು ನೋಡುವ ಹಾಗೆ.

ಈಗಷ್ಟೇ ಬಂದು, ಪತ್ರ ಆಯಿತಾ ಅಂತ ಕೇಳಿ ಹೋದ. ಇದನ್ನು ನಿನ್ನ ಕೈಗೆ ಕೊಡುವವನು ಅವನೇ. ಆಧಾರ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಇಡುತ್ತಾನಂತೆ, ಒದ್ದೆಯಾಗಬಾರದಲ್ಲ ಅಂದ. ಕನ್ನಡ ಓದಲಿಕ್ಕೆ ಅವನಿಗೆ ಬರುವುದಿಲ್ಲ.

ನೀನು ಓದಿ ಹೇಳು. ನೆಂಗ್ ಇರುವಾಗಲೇ, ಇಂಗ್ಲಿಷಿಗೆ ಮಾಡಿ ಹೇಳು. ನನಗೆ ಅಷ್ಟು ಇಂಗ್ಲಿಷ್ ಇಲ್ಲ ಅಂತ ಬರೆಯಲು ಹೊರಟಿದ್ದೆ. ಅದೂ ಸುಳ್ಳು. ಇದಕ್ಕೆ ಬೇಕಾದ ಇಂಗ್ಲಿಷ್ ಅಂಗನವಾಡಿಯ ಮಕ್ಕಳಿಗೂ ಉಂಟು. ಅವರ ಬಾಗಿಲು ನಾನು ಕೂತಲ್ಲಿಂದ ಕಾಣುತ್ತದೆ. ತೆರೆದೇ ಉಂಟು. ನೆಂಗ್ ಚಾಪೆ ಸುತ್ತಿ ಕಟ್ಟುತ್ತಿದ್ದಾಳೆ, ಅವನು ಅದನ್ನು ಮೊಣಕಾಲಿನಿಂದ ಒತ್ತಿ ಹಿಡಿದಿದ್ದಾನೆ. ಎದ್ದು ಹೋದರೆ ಹೋಗಬಹುದು. ಇನ್ನೂ ಬರೆಯುತ್ತಾ ಕೂತಿದ್ದೇನೆ, ನೋಡು. ಈ ಸಾಲು ಸರಿಯಾಗಿ ಬಿತ್ತಾ ಗೊತ್ತಿಲ್ಲ, ಬೆಳಕು ಹೋಗುತ್ತಾ ಉಂಟು.